ಚುನಾವಣೆಯ ಕಾಲದ ನಗೆ

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ‘ಹಗರಣ’ವೆಂಬ ಮಾತಿಗೆ ವೃತ್ತಪತ್ರಿಕೆಗಳು ಬಳಸುವ ಅರ್ಥವಲ್ಲದೆ ಇನ್ನೊಂದು ಅರ್ಥವೂ ಉಂಟು. ಘಟ್ಟದ ಕೆಳಗೆ, ಅಂಕೋಲೆಯ ಕಡೆಯಲ್ಲಿ, ಸುಗ್ಗಿಯ ಕಾಲಕ್ಕೆ ಜನರು ವೇಷ ಕಟ್ಟಿ ಲೋಕದ ವಿದ್ಯಮಾನಗಳನ್ನು ಅಣಕಿಸುತ್ತ ಬೀದಿಯಲ್ಲಿ ಸಾಗುವ ಆಟಕ್ಕೆ ಹಗರಣವೆಂದು ಹೆಸರು. ಅಣಕಕ್ಕೆ ಗುರಿಯಾದವನೂ ಅದೇ ಬೀದಿಯಲ್ಲಿ ನಿಂತು ನೋಡಬಹುದು. ಸಿಟ್ಟು ಬಂದರೆ ಬೈಯಬಹುದು, ವಿವೇಕವಿದ್ದರೆ ನಕ್ಕು ಸುಮ್ಮನಾಗಬಹುದು, ಛಲವಿದ್ದರೆ ಮರುವರ್ಷ ತಾನೂ ಒಂದು ವೇಷ ಕಟ್ಟಬಹುದು. ನಗುವವನೂ ನಗೆಗೀಡಾದವನೂ ಒಂದೇ ನೆಲದ ಮೇಲೆ ನಿಂತಿರುತ್ತಾರೆ. ಚುನಾವಣೆಯ ಕಾಲದಲ್ಲಿ ರೇಡಿಯೋ, ದೂರದರ್ಶನಗಳಲ್ಲಿ ರಾಜಕೀಯ ವಿಡಂಬನೆಗೆ ಎಷ್ಟು ಎಡೆಯಿರಬೇಕೆಂಬ ಪ್ರಶ್ನೆ ಎದ್ದಾಗಲೆಲ್ಲ ನನಗೆ ಈ ಸಮನೆಲದ ನೆನಪಾಗುತ್ತದೆ.

ನಿಯಮಗಳೇನೆಂಬುದನ್ನು ಮೊದಲು ನೋಡೋಣ. ೧೯೫೧ರ ಪ್ರಜಾಪ್ರಾತಿನಿಧ್ಯ ಕಾಯಿದೆಯ ೧೨೬ನೆಯ ಕಲಮಿನಂತೆ, ಮತದಾನ ಮುಗಿಯುವುದಕ್ಕೆ ಹಿಂದಿನ ೪೮ ಗಂಟೆಗಳಲ್ಲಿ ಚುನಾವಣೆಗೆ ಸಂಬಂಧಿಸಿದ ಯಾವುದನ್ನೂ ಸಿನಿಮಾ, ದೂರದರ್ಶನ ಮೊದಲಾದ ಸಾಧನಗಳ ಮೂಲಕ ತೋರಿಸುವಂತಿಲ್ಲ. ದೂರದರ್ಶನದ ವಾಹಿನಿಗಳಲ್ಲಿ ಬರುವ ರಾಜಕೀಯ ಜಾಹೀರಾತುಗಳನ್ನು ಮುಂಚಿತವಾಗಿ ಪರಿಶೀಲಿಸಿ ಒಪ್ಪಿಗೆ ಕೊಡಬೇಕೆಂದು ಸುಪ್ರೀಂ ಕೋರ್ಟು ೨೦೦೪ರಲ್ಲಿ ಆಜ್ಞೆ ಮಾಡಿತು. ಇನ್ನು ಆಕಾಶವಾಣಿ, ದೂರದರ್ಶನಗಳಲ್ಲಿ ಪಕ್ಷಗಳಿಗೆ ಉಚಿತವಾಗಿ ಸಮಯ ಹಂಚುವ ಪದ್ಧತಿಯುಂಟು. ಅಲ್ಲಿ ಮಾತನಾಡುವವರು ಭಾಷಣದ ಬರಹವನ್ನು ಮುಂದಾಗಿಯೇ ಒಪ್ಪಿಸಬೇಕು. ಧರ್ಮನಿಂದೆ ಕೂಡದು, ಅಶ್ಲೀಲ ಕೂಡದು, ಹಿಂಸೆಗೆ ಪ್ರಚೋದನೆ ಕೂಡದು, ನ್ಯಾಯಾಲಯದ ನಿಂದನೆ ಕೂಡದು. ಇವೆಲ್ಲವೂ ಸರಿಯೆ. ಆದರೆ ಆ ಪಟ್ಟಿಯಲ್ಲಿ ಇನ್ನೊಂದು ನಿಷೇಧವಿದೆ: ಯಾವ ವ್ಯಕ್ತಿಯನ್ನೂ ಹೆಸರಿಸಿ ಟೀಕಿಸಬಾರದು.

ತರಗತಿಯಲ್ಲಿ ವಿಡಂಬನೆಯ ಪಾಠ ನಡೆದಿದ್ದಾಗ ನಾನು ಈ ನಿಯಮವನ್ನು ಹೇಳಿದೆ. ಜೋಯಿಡಾ ಕಡೆಯಿಂದ ಬರುವ ವಿದ್ಯಾರ್ಥಿನಿಯೊಬ್ಬಳು ಎದ್ದು, “ಸರ್, ಹೆಸರು ಹೇಳದ ಬೈದರ ಅದು ಯಾರಿಗೆ ತಾಗಬೇಕ್ರಿ?” ಎಂದಳು. ಪ್ರಶ್ನೆ ಚೆನ್ನಾಗಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಗಾದೆಯೇ ಅದಕ್ಕೆ ಉತ್ತರ. ಒಳ್ಳೆಯ ವಿಡಂಬನೆಗೆ ಹೆಸರು ಬೇಡ; ಹೆಗಲ ಮೇಲೆ ಬೂದಿಯಿದ್ದವನು ತಾನಾಗಿ ಕೈಯೆತ್ತುತ್ತಾನೆ. ನಮ್ಮ ಯಕ್ಷಗಾನದ ಹಾಸ್ಯಗಾರನು ಯಾವ ಮಂತ್ರಿಯ ಹೆಸರನ್ನೂ ಎತ್ತದೆ, ರಾಜನ ಓಲಗದ ದೂತನಾಗಿ ನಿಂತೇ, ಇಂದಿನ ಆಳಿಕೆಯನ್ನು ತಿವಿಯಬಲ್ಲನು. ಆದುದರಿಂದ ಹೆಸರಿಸಬಾರದೆಂಬ ಒಂದೇ ಕಾರಣಕ್ಕೆ ಈ ನಿಯಮವನ್ನು ನಾನು ಹಳಿಯುವವನಲ್ಲ. ನನ್ನ ಸಂದೇಹ ಬೇರೆಯದು.

ಅದಕ್ಕೆ ಮುಂಚೆ ನಿಯಮದ ಪರವಾದ ಮಾತನ್ನೂ ನ್ಯಾಯವಾಗಿ ಕೇಳಬೇಕು. ಆರೋಪಕ್ಕೆ ಉತ್ತರವುಂಟು; ಲೆಕ್ಕಪತ್ರ ತೋರಿಸಬಹುದು, ಸಾಕ್ಷಿ ಕರೆಯಬಹುದು. ಅಣಕಕ್ಕೆ ಯಾವ ಲೆಕ್ಕಪತ್ರ ತೋರಿಸುವುದು? ಒಬ್ಬನ ತೊದಲನ್ನೋ ನಡಿಗೆಯನ್ನೋ ಹಿಡಿದು ಊರೆಲ್ಲ ನಗುವಂತೆ ಮಾಡಿದರೆ, “ನಾನು ಹಾಗಲ್ಲ” ಎಂದು ಅವನು ಎಷ್ಟು ಹೇಳಿದರೂ ನಗೆ ಇಮ್ಮಡಿಸುತ್ತದೆಯೇ ಹೊರತು ನಿಲ್ಲುವುದಿಲ್ಲ. ಮೇಲಾಗಿ ಧ್ವನಿವರ್ಧಕವಿದ್ದವನ ನಗೆ ದೊಡ್ಡದಾಗಿ ಕೇಳುತ್ತದೆ. ಅದು ಇಲ್ಲದವನ ಅಳು ಪಕ್ಕದ ಮನೆಗೂ ಕೇಳುವುದಿಲ್ಲ. ಮತ ಹಾಕುವವನು ಕೆಲವು ದಿನವಾದರೂ ಶಾಂತವಾಗಿ ಯೋಚಿಸಲಿ ಎಂದು ಕಾನೂನು ಬಯಸಿದರೆ ಅದನ್ನು ತಪ್ಪೆನ್ನಲಾಗದು.

ಈ ಮಾತನ್ನು ಪೂರ್ತಿಯಾಗಿ ನಂಬಿ ನಡೆದ ದೇಶವೊಂದುಂಟು. ಬ್ರೆಜಿಲಿನ ೧೯೯೭ರ ಚುನಾವಣಾ ಕಾನೂನು, ಚುನಾವಣೆಗೆ ಮೂರು ತಿಂಗಳಿರುವಾಗಿನಿಂದ ರೇಡಿಯೋ ಮತ್ತು ದೂರದರ್ಶನಗಳು ಅಭ್ಯರ್ಥಿಗಳನ್ನು ಹಾಸ್ಯಾಸ್ಪದರನ್ನಾಗಿ ಮಾಡುವ ಕಾರ್ಯಕ್ರಮಗಳನ್ನು ಬಿತ್ತರಿಸಬಾರದೆಂದು ವಿಧಿಸಿತ್ತು. ೨೦೧೦ರಲ್ಲಿ ಅಲ್ಲಿಯ ಹಾಸ್ಯನಟರು ರಿಯೋ ನಗರದ ಕಡಲತೀರದಲ್ಲಿ ಮೆರವಣಿಗೆ ಹೊರಟು ಇದನ್ನು ಪ್ರತಿಭಟಿಸಿದರು. ಅದೇ ವರ್ಷ ಅಲ್ಲಿಯ ಸರ್ವೋಚ್ಚ ನ್ಯಾಯಾಲಯ ಆ ವಿಧಿಯನ್ನು ತಡೆಹಿಡಿಯಿತು. ೨೦೧೮ರಲ್ಲಿ ಅದು ಸಂವಿಧಾನಕ್ಕೆ ವಿರುದ್ಧವೆಂದು ತೀರ್ಮಾನಿಸಿ ತೆಗೆದೇ ಹಾಕಿತು. ನಿಜವೇ ಅಲ್ಲವೆ? ಆಳುವವರನ್ನು ಆರಿಸುವ ಹೊತ್ತಿನಲ್ಲೇ ಅವರನ್ನು ನೋಡಿ ನಗಬಾರದೆಂದರೆ, ಎತ್ತಿನ ಹಲ್ಲು ನೋಡದೆ ಸಂತೆಯಲ್ಲಿ ಕೊಂಡುಕೊಳ್ಳಿರಿ ಎಂದ ಹಾಗಾಯಿತು.

ನಮ್ಮಲ್ಲಿ ಅಂಥ ನೇರ ನಿಷೇಧವಿಲ್ಲ. ಆದರೆ ನಮ್ಮ ಕತ್ತರಿ ಆಡುವ ರೀತಿ ವಿಚಿತ್ರವಾಗಿದೆ. ೨೦೨೪ರ ಮೇ ತಿಂಗಳ ಎರಡು ಪ್ರಸಂಗಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿರಿ.

ಒಂದು, ಆಕಾಶವಾಣಿ ಮತ್ತು ದೂರದರ್ಶನಗಳಲ್ಲಿ ಮಾತನಾಡಬೇಕಾಗಿದ್ದ ಸೀತಾರಾಮ ಯೆಚೂರಿ ಮತ್ತು ಜಿ. ದೇವರಾಜನ್ ಅವರ ಭಾಷಣಗಳಿಂದ ಕೆಲವು ಶಬ್ದಗಳನ್ನು ತೆಗೆಯಿಸಿದರು. ಯೆಚೂರಿಯವರಿಗೆ ‘ಕೋಮುವಾದಿ ಸರ್ವಾಧಿಕಾರಿ ಆಡಳಿತ’ ಎನ್ನುವುದನ್ನೂ ‘ಕರಾಳ ಕಾನೂನು’ ಎನ್ನುವುದನ್ನೂ ಬಿಡಬೇಕಾಯಿತು. ದೇವರಾಜನ್ ಅವರಿಗೆ ‘ಮುಸ್ಲಿಮರು’ ಎಂಬ ಶಬ್ದವನ್ನು. ಅಲ್ಲಿ ತೆಗೆಯಿಸಿದ್ದು ಅಣಕವನ್ನಲ್ಲ, ನೇರ ಟೀಕೆಯನ್ನು. ನೇರ ಮಾತಿಗೇ ಈ ಗತಿಯಾದರೆ ವಿಡಂಬನೆಯ ಪಾಡೇನೆಂದು ವಾಚಕರೇ ಊಹಿಸಿಕೊಳ್ಳಬಹುದು.

ಎರಡನೆಯದು ನಮ್ಮ ಬಾಗಿಲಿಗೇ ಬಂದ ಪ್ರಸಂಗ. ಮೇ ೪ರಂದು ಕರ್ನಾಟಕದ ಭಾರತೀಯ ಜನತಾ ಪಕ್ಷವು ‘ಎಕ್ಸ್’ ಜಾಲತಾಣದಲ್ಲಿ ಒಂದು ವ್ಯಂಗ್ಯಚಿತ್ರದ ಚಲನಚಿತ್ರವನ್ನು ಪ್ರಕಟಿಸಿತು. ರಾಹುಲ್ ಗಾಂಧಿ, ಸಿದ್ದರಾಮಯ್ಯನವರನ್ನು ಹೋಲುವ ಚಿತ್ರಗಳು, ಒಂದು ಗೂಡು, ಅದರಲ್ಲಿ ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗಗಳ ಮೊಟ್ಟೆಗಳು, ನಡುವೆ ತಂದಿಟ್ಟ ಮುಸ್ಲಿಮರೆಂಬ ಇನ್ನೊಂದು ಮೊಟ್ಟೆ. ಆ ಮರಿ ತುತ್ತನ್ನೆಲ್ಲ ತಾನೇ ತಿಂದು ಬೆಳೆದು ಉಳಿದವುಗಳನ್ನು ಹೊರದೂಡುತ್ತದೆ. ಮರುದಿನ ಮೊಕದ್ದಮೆ ದಾಖಲಾಯಿತು. ತೆಗೆಯಿರೆಂದು ರಾಜ್ಯದ ಮುಖ್ಯ ಚುನಾವಣಾಧಿಕಾರಿಗಳಿಂದ ಜಾಲತಾಣಕ್ಕೆ ಸೂಚನೆಯೂ ಹೋಯಿತು. ತೆಗೆಯಲಿಲ್ಲ. ಕೊನೆಗೆ ಮೇ ೭ರಂದು ಚುನಾವಣಾ ಆಯೋಗವೇ ‘ಕೂಡಲೆ ತೆಗೆಯಿರಿ’ ಎಂದು ಆಜ್ಞಾಪಿಸಿತು. ಆ ದಿನವೇ ಉತ್ತರ ಕನ್ನಡ ಲೋಕಸಭಾ ಕ್ಷೇತ್ರದ ಮತದಾನ! ಆಜ್ಞೆ ಹೊರಟ ದಿನ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡಗಳ ಮತದಾರರು ಸರದಿಯಲ್ಲಿ ನಿಂತಿದ್ದರು.

ರೇಡಿಯೋ ಮಾತಿಗೆ ಬಾಯಿ ತೆರೆಯುವ ಮುಂಚೆಯೇ ಕತ್ತರಿ. ಮೊಬೈಲಿನ ಚಿತ್ರಕ್ಕೆ ಊರು ಸುತ್ತಿ ಬಂದ ಮೇಲೆ ಕತ್ತರಿ. ಬಡ ಮಾತಿಗೆ ನಿಯಮ ಬೇಗ ತಲುಪುತ್ತದೆ, ಬಲ್ಲಿದ ಮಾತಿಗೆ ತಡವಾಗಿ ತಲುಪುತ್ತದೆ. ಇದೇ ನನ್ನ ಸಂದೇಹ. ಇಂಥ ಚಿತ್ರಗಳು ಯಾವುದೋ ಒಂದೇ ಪಕ್ಷದ ಗುತ್ತಿಗೆಯೆಂದು ನಾನು ಹೇಳುತ್ತಿಲ್ಲ. ಯಾರು ಮಾಡಿದರೂ ಅಳೆಯುವ ಕೋಲು ಒಂದೇ ಇರಬೇಕು.

ಆ ಕೋಲು ಯಾವುದು? ‘ಇದು ನೋಯಿಸುತ್ತದೆಯೆ?’ ಎಂದು ಕೇಳಿದರೆ ಪ್ರಯೋಜನವಿಲ್ಲ. ನೋಯದ ವಿಡಂಬನೆ ವಿಡಂಬನೆಯೇ ಅಲ್ಲ. ‘ಇದು ಸಭ್ಯವೆ?’ ಎಂದರೆ ಸಭ್ಯತೆಯ ಅಳತೆ ಅಧಿಕಾರಿಯ ಮೇಜಿನ ಮೇಲಿರುತ್ತದೆ. ನಾನು ಕೇಳಬಯಸುವ ಪ್ರಶ್ನೆ ಬೇರೆ: ನಗೆಗೀಡಾದವನಿಗೆ ಮರುನುಡಿಯುವ ಅವಕಾಶ ಉಂಟೆ? ಮಂತ್ರಿಗೆ ಉಂಟು. ಅಭ್ಯರ್ಥಿಗೆ ಉಂಟು. ಪಕ್ಷಕ್ಕೆ ಧಾರಾಳವಾಗಿ ಉಂಟು. ಇವರನ್ನು ಹೆಸರೆತ್ತಿಯೇ ಅಣಕಿಸಲಿ, ರೇಡಿಯೋದಲ್ಲಿಯೂ ಅಣಕಿಸಲಿ; ಅವರು ನಾಳೆ ಬಂದು ಉತ್ತರ ಹೇಳಲಿ. ಅದು ಹಗರಣದ ಬೀದಿ. ಕೊನೆಯ ೪೮ ಗಂಟೆಗಳಲ್ಲಿ ಮಾತ್ರ ಯಾರಿಗೂ ಮರುನುಡಿಗೆ ವೇಳೆಯಿರುವುದಿಲ್ಲ. ಆದುದರಿಂದ ಆ ಮೌನ ನನಗೆ ಒಪ್ಪಿಗೆ.

ಆದರೆ ಮೊಟ್ಟೆಯೆಂದೋ ಮರಿಯೆಂದೋ ಚಿತ್ರಿಸಲ್ಪಟ್ಟ ಒಂದು ಜನಾಂಗ ಆ ಚುನಾವಣೆಯ ಅಭ್ಯರ್ಥಿಯಲ್ಲ. ನಮ್ಮ ಈ ನಾಲ್ಕು ಊರುಗಳ ಸೀಮೆಯನ್ನೇ ನೋಡಿರಿ. ಕಾಡಂಚಿನ ಹಳ್ಳಿಗಳಲ್ಲಿ ತಲೆಮಾರುಗಳಿಂದ ಬಾಳಿದ ಆಫ್ರಿಕಾ ಮೂಲದ ಸಿದ್ದಿಗಳಿದ್ದಾರೆ. ಅವರಿಂದ ಒಬ್ಬರು ವಿಧಾನ ಪರಿಷತ್ತಿನ ಮೆಟ್ಟಿಲು ಹತ್ತಲು ೨೦೨೦ರವರೆಗೆ ಕಾಯಬೇಕಾಯಿತು. ಮುಂಡಗೋಡಿನಲ್ಲಿ ೧೯೬೬ರಿಂದ ನೆಲೆಸಿದ ಟಿಬೇಟಿಯನ್ನರಿದ್ದಾರೆ. ೧೯೫೦ರ ಜನವರಿ ೨೬ ಮತ್ತು ೧೯೮೭ರ ಜುಲೈ ೧ರ ನಡುವೆ ಭಾರತದಲ್ಲಿ ಹುಟ್ಟಿದವರು ಈ ದೇಶದ ಪೌರರೆಂದು ಕರ್ನಾಟಕದ ಹೈಕೋರ್ಟು ೨೦೧೩ರಲ್ಲಿ ತೀರ್ಪು ಕೊಟ್ಟ ಮೇಲೆ ಅಂಥವರಿಗೆ ಮತದಾರರ ಪಟ್ಟಿಯ ಬಾಗಿಲು ತೆರೆಯಿತು. ಉಳಿದ ಅನೇಕರಿಗೆ ಮತವಿಲ್ಲ. ಸುಪಾ ಅಣೆಕಟ್ಟಿಗಾಗಿ ಊರು ಮುಳುಗಿಸಿಕೊಂಡವರಿದ್ದಾರೆ. ಕನ್ನಡ, ಕೊಂಕಣಿ, ಮರಾಠಿ, ಉರ್ದು ಒಂದೇ ಸಂತೆಯಲ್ಲಿ ಬೆರೆಯುತ್ತವೆ. ಇವರಲ್ಲಿ ಯಾರನ್ನಾದರೂ ಮುಂದಿಟ್ಟುಕೊಂಡು ಉಳಿದವರನ್ನು ನಗಿಸಿದರೆ, ಅವರು ಯಾವ ವಾಹಿನಿಗೆ ಹೋಗಿ ಮರುನುಡಿಯಬೇಕು? ಆಕಾಶವಾಣಿಯ ಉಚಿತ ಸಮಯ ಸಿಗುವುದು ಮಾನ್ಯತೆ ಪಡೆದ ಪಕ್ಷಗಳಿಗೆ ಮಾತ್ರ. ಇಂಥವರ ಮೇಲೆ ಹಾರಿಸಿದ ನಗೆ ವಿಡಂಬನೆಯಲ್ಲ. ಬಡವನ ಅಂಗಳಕ್ಕೆ ಎಸೆದ ಕಲ್ಲು.

ಮರುನುಡಿಯ ಅವಕಾಶವಿದೆಯೋ ಇಲ್ಲವೋ ಎಂದು ತೀರ್ಮಾನಿಸುವವರೂ ಅಧಿಕಾರಿಗಳೇ ಅಲ್ಲವೆ ಎಂದು ಕೇಳಬಹುದು. ಹೌದು. ಅದಕ್ಕಾಗಿಯೇ ತೀರ್ಮಾನಕ್ಕೆ ಕಾರಣವನ್ನು ಬರೆದು ಪ್ರಕಟಿಸಬೇಕು. ನಾವು ಮೇಷ್ಟರುಗಳು ಉತ್ತರಪತ್ರಿಕೆಯಲ್ಲಿ ಗೀಟು ಹಾಕಿದರೆ ಏಕೆ ಹಾಕಿದಿರೆಂದು ವಿದ್ಯಾರ್ಥಿ ಕೇಳುತ್ತಾನೆ, ನಾವು ಹೇಳಲೇಬೇಕು. ರಾಷ್ಟ್ರದ ನಾಲಗೆಯ ಮೇಲೆ ಗೀಟು ಹಾಕುವವರಿಗೆ ಅಷ್ಟೂ ಹೊಣೆ ಬೇಡವೆ? ಮಾತನ್ನು ಮೊದಲೇ ಅಳಿಸುವುದರ ಬದಲು, ಆಡಿದ ಮಾತಿಗೆ ಅದೇ ವೇಳೆಯಲ್ಲಿ, ಅದೇ ವಾಹಿನಿಯಲ್ಲಿ ಉತ್ತರ ಹೇಳುವ ಹಕ್ಕನ್ನು ಕೊಟ್ಟರೆ ಮುಕ್ಕಾಲು ಪಾಲು ಜಗಳ ತಾನಾಗಿ ತೀರೀತು.

ಉಳಿದ ಕಾಲು ಪಾಲು ಕೇಳುವವರಿಗೆ ಸೇರಿದ್ದು. ಮೊಬೈಲಿಗೆ ಬಂದ ಚಿತ್ರವನ್ನು ನಕ್ಕು ಇನ್ನೊಬ್ಬರಿಗೆ ಕಳಿಸುವ ಮುಂಚೆ, ಇದರಲ್ಲಿ ನಗೆಗೀಡಾದವನು ನನ್ನ ಪಕ್ಕದಲ್ಲಿ ಕುಳಿತಿದ್ದರೆ ನಾನು ಹೀಗೆಯೇ ನಗುತ್ತಿದ್ದೆನೆ ಎಂದು ಒಂದು ಕ್ಷಣ ಕೇಳಿಕೊಂಡರಾಯಿತು. ಮಂತ್ರಿಯ ವಿಷಯದಲ್ಲಿ ಧೈರ್ಯವಾಗಿ ‘ಹೌದು’ ಎನ್ನಬಹುದು. ನೆರೆಯವನ ವಿಷಯದಲ್ಲಿ ನಾಲಗೆ ತಡೆದರೆ, ಆ ಚಿತ್ರ ಅಲ್ಲಿಯೇ ನಿಲ್ಲಲಿ. ಅಷ್ಟು ಮಾಡಲು ಯಾವ ಆಯೋಗದ ಆಜ್ಞೆಗೂ ನಾವು ಕಾಯಬೇಕಾಗಿಲ್ಲ.