ದೂರದಲ್ಲಿ ನಿಂತು ನೋಡಿದವರು

ಧ್ಯಾನಕ್ಕೆ: ಲೂಕ 22: 54-62, 23: 49-56, 24: 1-10



ಒಂದು ನಾಟಕ ನೋಡಲು ಜನರು ಒಂದು ವರ್ಷ ಕಾದರೆಂದರೆ ನಂಬುತ್ತೀರಾ? ಲಂಡನ್ ನಗರದ ಬಾರ್ಬಿಕನ್ ರಂಗಮಂದಿರದಲ್ಲಿ 2015ರ ಆಗಸ್ಟ್ ತಿಂಗಳಿನಿಂದ ಅಕ್ಟೋಬರ್ ಕೊನೆಯವರೆಗೆ ಶೇಕ್ಸ್‌ಪಿಯರನ 'ಹ್ಯಾಮ್ಲೆಟ್' ನಾಟಕದ ಪ್ರದರ್ಶನ ನಡೆಯಿತು. ಡೆನ್ಮಾರ್ಕಿನ ರಾಜಕುಮಾರನ ಪಾತ್ರ ವಹಿಸಿದವರು ಬೆನೆಡಿಕ್ಟ್ ಕಂಬರ್‌ಬ್ಯಾಚ್. 'ಷರ್ಲಾಕ್' ಎಂಬ ಟಿ.ವಿ. ಧಾರಾವಾಹಿಯಿಂದ ಈ ನಟ ಲೋಕಪ್ರಸಿದ್ಧರಾಗಿದ್ದರು. ನಾಟಕ ಆರಂಭವಾಗುವುದಕ್ಕೆ ಒಂದು ವರ್ಷ ಮೊದಲೇ, 2014ರ ಆಗಸ್ಟ್‌ನಲ್ಲಿ, ಟಿಕೆಟ್ ಮಾರಾಟ ನಡೆಯಿತು. ಸುಮಾರು ಒಂದು ಲಕ್ಷ ಟಿಕೆಟ್‌ಗಳು ಎಷ್ಟು ಬೇಗ ಮುಗಿದವೆಂದರೆ, ಲಂಡನ್ನಿನ ರಂಗಭೂಮಿಯಲ್ಲಿ ಅಷ್ಟು ವೇಗವಾಗಿ ಟಿಕೆಟ್ ಮಾರಾಟವಾದ ನಾಟಕ ಬೇರೊಂದಿಲ್ಲ ಎಂದು ಪತ್ರಿಕೆಗಳು ಬರೆದವು.

ಆದರೆ ಆ ಮಂದಿರದಲ್ಲಿ ಒಂದು ಸಂಜೆಗೆ ಕುಳಿತುಕೊಳ್ಳಲು ಸಾಧ್ಯವಿದ್ದುದು ಸುಮಾರು 1,150 ಜನರಿಗೆ ಮಾತ್ರ. ಹೊರಗೆ ಉಳಿದವರ ಲೆಕ್ಕ ಇಟ್ಟವರು ಯಾರು? ಕೆಲವರು ಬೇರೆ ದೇಶಗಳಿಂದ ವಿಮಾನ ಹತ್ತಿ ಬಂದರು. ಪ್ರತಿ ಪ್ರದರ್ಶನಕ್ಕೂ 10 ಪೌಂಡಿನ 100 ಟಿಕೆಟ್‌ಗಳನ್ನು ಬೇರೆಯಾಗಿ ತೆಗೆದಿಟ್ಟಿದ್ದರು. ಅವುಗಳ ಆಸೆಗೆ ರಾತ್ರಿಯಿಡೀ ಬೀದಿಯಲ್ಲಿ ಮಲಗಿ ಸರದಿಯಲ್ಲಿ ಕಾದವರಿದ್ದರು. ಇದಾವುದೂ ಸಾಧ್ಯವಿಲ್ಲದವರು ದೂರದಿಂದಲೇ ನಾಟಕವನ್ನು ಹಿಂಬಾಲಿಸಿದರು. ನೋಡಿ ಬಂದವರ ಮಾತು ಕೇಳಿದರು, ವಿಮರ್ಶೆಗಳನ್ನು ಓದಿದರು, ಎಂದೋ ಶಾಲೆಯಲ್ಲಿ ಬಿಟ್ಟಿದ್ದ ಶೇಕ್ಸ್‌ಪಿಯರನನ್ನು ಮತ್ತೆ ಕೈಗೆತ್ತಿಕೊಂಡರು. ಕೊನೆಗೆ ಅಕ್ಟೋಬರ್ 15ರಂದು ನಾಟಕವನ್ನು ಚಿತ್ರಮಂದಿರಗಳಿಗೆ ನೇರವಾಗಿ ಪ್ರಸಾರ ಮಾಡಿದಾಗ, ಹಲವಾರು ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನ ಅದನ್ನು ನೋಡಿದರು. ರಂಗದ ಮೇಲಿದ್ದ ನಟನಿಗೆ ಅವರಲ್ಲಿ ಒಬ್ಬರ ಮುಖವೂ ಕಾಣುತ್ತಿರಲಿಲ್ಲ. ಆದರೂ ಅವರು ಬಂದರು.

ಇದನ್ನು ಹುಚ್ಚು ಅಭಿಮಾನವೆಂದು ತಳ್ಳಿಹಾಕುವುದು ಸುಲಭ. ನಮ್ಮ ಮನೆಯ ಮಕ್ಕಳೂ ಯಾವನೋ ನಟನ ಚಿತ್ರವನ್ನು ಗೋಡೆಗೆ ಅಂಟಿಸಿದಾಗ ನಾವು ಹಾಗೆಯೇ ಗದರುತ್ತೇವೆ. ಗದರುವ ಮೊದಲು ಸ್ವಲ್ಪ ಯೋಚಿಸೋಣ. ಪ್ರೀತಿಸುವವರು ದೂರದಲ್ಲಿದ್ದೂ ಹೇಗೆ ಹಿಂಬಾಲಿಸುತ್ತಾರೆ ಎಂಬುದಕ್ಕೆ ಇಲ್ಲೊಂದು ಪಾಠವಿದೆ. ಶುಭಸಂದೇಶವೂ ನಮ್ಮ ಮುಂದೆ ಅದೇ ಪಾಠವನ್ನು ಇಡುತ್ತದೆ.

ಸಂತ ಲೂಕರು ಯೇಸುಸ್ವಾಮಿಯ ಯಾತನೆಯನ್ನು ವರ್ಣಿಸುವಾಗ, 'ದೂರ' ನಿಂತ ಜನರನ್ನು ಎರಡು ಸಲ ತೋರಿಸುತ್ತಾರೆ. ಸ್ವಾಮಿಯನ್ನು ಬಂಧಿಸಿ ಪ್ರಧಾನಯಾಜಕನ ಮನೆಗೆ ಒಯ್ದಾಗ, ಪೇತ್ರನು ದೂರದಿಂದ ಹಿಂಬಾಲಿಸಿದನು. ಮರುದಿನ ಕಲ್ವಾರಿ ಬೆಟ್ಟದಲ್ಲಿ, ಗಲಿಲೇಯದಿಂದ ಜೊತೆಗೆ ಬಂದಿದ್ದ ಮಹಿಳೆಯರು ದೂರದಲ್ಲಿ ನಿಂತು ಎಲ್ಲವನ್ನೂ ನೋಡುತ್ತಿದ್ದರು. ಶುಭಸಂದೇಶಕರ್ತರು ಬಳಸಿದ ಪದ ಒಂದೇ. ಆದರೆ ಆ ಎರಡು ದೂರಗಳು ಒಂದೇ ಆಗಿದ್ದವೇ?

ಪೇತ್ರನಿಗೆ ಹತ್ತಿರ ಹೋಗುವ ದಾರಿ ತೆರೆದಿತ್ತು. ಅಂಗಳದ ಒಳಗೂ ಅವನು ಹೋದನು. ಬೆಂಕಿಯ ಮುಂದೆ ಇತರರೊಡನೆ ಕುಳಿತು ಚಳಿ ಕಾಯಿಸಿಕೊಂಡನು. ಅವನ ಕಾಲುಗಳು ಸ್ವಾಮಿಯಿಂದ ಕೆಲವೇ ಮಾರು ದೂರದಲ್ಲಿದ್ದವು. ಅವನ ಬಾಯಿ ಮಾತ್ರ ಆ ಮನುಷ್ಯನನ್ನು ತಾನು ಅರಿಯೆನೆಂದು ಮೂರು ಸಲ ಹೇಳಿತು. ಅವನನ್ನು ದೂರ ಇಟ್ಟದ್ದು ಕಾವಲುಗಾರರಲ್ಲ, ಅವನದೇ ಭಯ.

ಮಹಿಳೆಯರ ಸ್ಥಿತಿ ಬೇರೆ. ಸೈನಿಕರಿದ್ದರು, ಗುಂಪಿತ್ತು, ಅವರ ಕೈಯಲ್ಲಿ ಯಾವ ಅಧಿಕಾರವೂ ಇರಲಿಲ್ಲ. ನಿಲ್ಲಲು ಸಾಧ್ಯವಾದಲ್ಲಿ ನಿಂತರು. ಆದರೆ ಕಣ್ಣು ತೆಗೆಯಲಿಲ್ಲ. ದೇಹವನ್ನು ಶಿಲುಬೆಯಿಂದ ಇಳಿಸಿದಾಗ ಹಿಂದೆಯೇ ಹೋಗಿ, ಸಮಾಧಿ ಯಾವುದು, ದೇಹವನ್ನು ಹೇಗೆ ಇಟ್ಟರು ಎಂಬುದನ್ನು ಗುರುತಿಸಿಕೊಂಡರು. ಮನೆಗೆ ಬಂದು ಸುಗಂಧದ್ರವ್ಯಗಳನ್ನು ಸಿದ್ಧಮಾಡಿದರು. ಸಬ್ಬತ್ ದಿನ ಕಳೆದು ದಾರಿ ತೆರೆದ ಕೂಡಲೇ, ಇನ್ನೂ ನಸುಕಿನಲ್ಲೇ, ಸಮಾಧಿಯ ಬಳಿ ಇದ್ದರು. ಪುನರುತ್ಥಾನದ ಸುದ್ದಿಯನ್ನು ಮೊದಲು ಕೇಳುವ ಭಾಗ್ಯ ದೊರೆತದ್ದು ದೂರ ನಿಂತಿದ್ದ ಆ ಮಹಿಳೆಯರಿಗೇ.

ಆದ್ದರಿಂದ ಪ್ರಿಯರೇ, ನಾವು ದೂರ ಇದ್ದೇವೆಯೇ ಎಂದು ಕೇಳಿಕೊಂಡರೆ ಸಾಲದು. ನಮ್ಮನ್ನು ದೂರ ಇಟ್ಟಿರುವುದು ಯಾವುದು? ದಾರಿ ತೆರೆದ ದಿನ ನಾವೇನು ಮಾಡುತ್ತೇವೆ? ಇವೇ ನಮ್ಮನ್ನು ಪರೀಕ್ಷಿಸುವ ಪ್ರಶ್ನೆಗಳು.

ಬೇರೆ ದಾರಿಯಿಲ್ಲದೆ ದೂರ ಉಳಿಯುವವರನ್ನು ನಮ್ಮ ಧರ್ಮಸಭೆ ಎಂದೂ ಕೀಳಾಗಿ ಕಂಡಿಲ್ಲ. ಅಸ್ಸಿಸಿಯ ಸಂತ ಕ್ಲಾರಮ್ಮನವರ ಕಥೆ ನಿಮಗೆ ಗೊತ್ತಿರಬಹುದು. 1252ರ ಕ್ರಿಸ್ತಜಯಂತಿಯ ರಾತ್ರಿ ಅವರು ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದರು. ಜೊತೆಯ ಕನ್ಯಾಸ್ತ್ರೀಯರೆಲ್ಲ ಪ್ರಾರ್ಥನೆಗೆ ಹೋದರು, ಕ್ಲಾರಮ್ಮ ಒಬ್ಬರೇ ಉಳಿದರು. ಆಗ ದೂರದ ದೇವಾಲಯದಲ್ಲಿ ನಡೆಯುತ್ತಿದ್ದ ಆರಾಧನೆಯನ್ನು ಮಲಗಿದ್ದಲ್ಲಿಂದಲೇ ಕಾಣುವ, ಕೇಳುವ ವರವನ್ನು ದೇವರು ಅವರಿಗೆ ಕೊಟ್ಟರೆಂದು ಪರಂಪರೆ ಹೇಳುತ್ತದೆ. ಇದನ್ನು ನೆನೆದೇ ಹನ್ನೆರಡನೆಯ ಭಕ್ತಿನಾಥ ಜಗದ್ಗುರುಗಳು, ಅಂದರೆ ಪೋಪ್ ಹನ್ನೆರಡನೆಯ ಪಿಯುಸ್, 1958ರಲ್ಲಿ ಸಂತ ಕ್ಲಾರಮ್ಮನವರನ್ನು ದೂರದರ್ಶನದ ಪಾಲಕಿ ಎಂದು ಸಾರಿದರು. ದೂರದಿಂದ ನೋಡುವುದಕ್ಕೂ ಒಬ್ಬ ಸಂತಳ ಆಸರೆಯಿದೆ!

2020ರಲ್ಲಿ ನಾವೆಲ್ಲರೂ ಕ್ಲಾರಮ್ಮನವರಂತೆ ಒಳಗೆ ಉಳಿದೆವು. ಮಾರ್ಚ್ 25ರಿಂದ ದೇಶಕ್ಕೆ ದೇಶವೇ ಬೀಗ ಹಾಕಿಕೊಂಡಿತು. ಮಾರ್ಚ್ 27ರ ಸಂಜೆ ಅಂದಿನ ಜಗದ್ಗುರು ಫ್ರಾನ್ಸಿಸ್‌ರವರು ಮಳೆಯಲ್ಲಿ ನೆನೆದ, ನಿರ್ಜನವಾದ ಸಂತ ಪೇತ್ರರ ಚೌಕದಲ್ಲಿ ನಿಂತು ಪರಮಪ್ರಸಾದದ ಆಶೀರ್ವಾದ ನೀಡಿದ ದೃಶ್ಯವನ್ನು ನೋಡಿದವರು ಮರೆಯಲಾರರು. ಆ ವರ್ಷದ ಗರಿಗಳ ಭಾನುವಾರ, ಶುಭ ಶುಕ್ರವಾರ, ಪಾಸ್ಕ ಹಬ್ಬ, ಎಲ್ಲವೂ ನಮಗೆ ಪರದೆಯ ಮೇಲೆಯೇ ಆದವು. ಅಂದು ಎಷ್ಟೋ ಮನೆಗಳಲ್ಲಿ ಮೇಜಿಗೆ ಬಿಳಿ ಬಟ್ಟೆ ಹಾಸಿ, ಶಿಲುಬೆಯಿಟ್ಟು, ಮೇಣದಬತ್ತಿ ಹಚ್ಚಿ, ಸ್ನಾನಮಾಡಿ ಒಳ್ಳೆಯ ಬಟ್ಟೆ ತೊಟ್ಟು ಬಲಿಪೂಜೆಗೆ ಕುಳಿತರು. ಮೊಣಕಾಲೂರುವ ಹೊತ್ತಿಗೆ ಊರಿದರು. ಪರಮಪ್ರಸಾದದ ಸಮಯದಲ್ಲಿ ಸಂತ ಅಲ್ಫೋನ್ಸುಸ್ ಲಿಗೋರಿಯವರ ಪ್ರಾರ್ಥನೆಯಿಂದ ಆಧ್ಯಾತ್ಮಿಕವಾಗಿ ಸ್ವಾಮಿಯನ್ನು ಬರಮಾಡಿಕೊಂಡರು. ಅದು ಕಲ್ವಾರಿಯ ಮಹಿಳೆಯರ ದೂರ.

ಆದರೆ ಅದೇ ಏಪ್ರಿಲ್ 17ರಂದು ಜಗದ್ಗುರು ಫ್ರಾನ್ಸಿಸ್‌ರವರು ತಮ್ಮ ಪ್ರವಚನದಲ್ಲಿ ನಮ್ಮನ್ನು ಎಚ್ಚರಿಸಿದ್ದರು. ಈ ರೀತಿಯ ಆರಾಧನೆ ಕಷ್ಟಕಾಲಕ್ಕೆ ಮಾತ್ರ. ಇದರಿಂದ ಹೊರಬರುವುದೇ ನಮ್ಮ ಗುರಿ. ಜನಸಮುದಾಯವಿಲ್ಲದೆ, ಸಂಸ್ಕಾರಗಳಿಲ್ಲದೆ ಧರ್ಮಸಭೆ ಪೂರ್ಣವಾಗದು ಎಂಬುದು ಅವರ ಮಾತಿನ ಸಾರ. ದೇವಾಲಯದ ಬಾಗಿಲುಗಳು ತೆರೆದು ಈಗ ವರ್ಷಗಳೇ ಸಂದಿವೆ. ಆದರೂ ಭಾನುವಾರ ಬೆಳಿಗ್ಗೆ ಫೋನನ್ನು ಅಡಿಗೆಮನೆಯ ಕಟ್ಟೆಗೆ ಒರಗಿಸಿ, ಒಗ್ಗರಣೆ ಹಾಕುತ್ತಾ 'ನಮ್ಮ ಪೂಜೆ ಆಯಿತು' ಎನ್ನುವ ಮನೆಗಳಿಲ್ಲವೇ? ಪ್ರವಚನ ಉದ್ದವಾಯಿತೆಂದು ಬೆರಳಿನಿಂದ ಮುಂದಕ್ಕೆ ಸರಿಸುವವರಿಲ್ಲವೇ? ದೇವಾಲಯ ಹತ್ತು ನಿಮಿಷದ ದಾರಿ, ಆರೋಗ್ಯ ಚೆನ್ನಾಗಿದೆ, ಬೈಕ್ ಅಂಗಳದಲ್ಲಿ ನಿಂತಿದೆ. ಇದು ಕಲ್ವಾರಿಯ ದೂರವಲ್ಲ, ಪೇತ್ರನ ಬೆಂಕಿಯ ಪಕ್ಕದ ದೂರ. ಅಲ್ಲಿ ಬೆಚ್ಚಗಿರುತ್ತದೆ, ಅಷ್ಟೇ.

ಲಂಡನ್ನಿನ ಆ ಅಭಿಮಾನಿಗಳನ್ನು ಇಲ್ಲಿ ನೆನೆಯಿರಿ. 100 ಟಿಕೆಟ್‌ಗಳಿವೆ ಎಂದು ತಿಳಿದ ಕೂಡಲೇ ಅವರು ರಸ್ತೆಯಲ್ಲಿ ಮಲಗಿದರು. ನಮಗಾದರೋ ಟಿಕೆಟ್ ಇಲ್ಲ, ಸರದಿ ಇಲ್ಲ, 'ಸ್ಥಳ ಭರ್ತಿಯಾಗಿದೆ' ಎಂಬ ಫಲಕವಿಲ್ಲ.

ಇನ್ನೊಂದು ಸಂಗತಿ. ದೇವಾಲಯಕ್ಕೆ ಬಂದುಬಿಟ್ಟರೆ ಹತ್ತಿರವಾದೆವು ಎಂದೂ ತಿಳಿಯಬೇಡಿ. ಬಾರ್ಬಿಕನ್‌ನಲ್ಲಿ ಪ್ರದರ್ಶನ ಆರಂಭವಾದ ಮೊದಲ ವಾರದಲ್ಲೇ ಕಂಬರ್‌ಬ್ಯಾಚ್ ಒಂದು ರಾತ್ರಿ ನಾಟಕ ಮುಗಿಸಿ ಹೊರಗೆ ಬಂದು, ಕಾದಿದ್ದ ಅಭಿಮಾನಿಗಳೊಡನೆ ಮಾತನಾಡಿದರು. ಸಭಿಕರಲ್ಲಿ ಕೆಲವರು ನಾಟಕವನ್ನು ಕದ್ದು ಚಿತ್ರೀಕರಿಸುತ್ತಿದ್ದರು. ಕ್ಯಾಮರಾದ ಕೆಂಪು ದೀಪ ರಂಗದ ಮೇಲಿಂದ ಅವರಿಗೆ ಕಾಣುತ್ತಿತ್ತು. ತಾನು ಕೊಡಬಯಸುವುದು ನಿಮ್ಮ ಫೋನಿನಲ್ಲಿ ಉಳಿಯುವಂಥದ್ದನ್ನಲ್ಲ, ಮನಸ್ಸಿನಲ್ಲಿ ಉಳಿಯುವಂಥದ್ದನ್ನು ಎಂಬರ್ಥದಲ್ಲಿ ಅವರು ವಿನಂತಿಸಿಕೊಂಡರು. ವರ್ಷವಿಡೀ ಕಾದು ಒಳಗೆ ಬಂದವರು, ನಟನ ಮುಂದೆಯೇ ಕುಳಿತವರು, ಫೋನಿನ ಹಿಂದೆ ಮರೆಯಾಗಿಬಿಟ್ಟಿದ್ದರು. ನೂರಾರು ಮೈಲಿ ದೂರದ ಚಿತ್ರಮಂದಿರದಲ್ಲಿ ಉಸಿರು ಬಿಗಿಹಿಡಿದು ನೋಡಿದವರೇ ಅವರಿಗಿಂತ ಹತ್ತಿರವಿದ್ದರು.

ನಮ್ಮ ಮದುವೆಗಳಲ್ಲಿ, ಪ್ರಥಮ ಪರಮಪ್ರಸಾದದ ದಿನಗಳಲ್ಲಿ ಏನಾಗುತ್ತಿದೆ? ಮಗು ಸ್ವಾಮಿಯನ್ನು ಮೊಟ್ಟಮೊದಲ ಬಾರಿಗೆ ಸ್ವೀಕರಿಸುವ ಕ್ಷಣದಲ್ಲಿ ಅಪ್ಪ, ಅಮ್ಮ, ಮಾವಂದಿರು ಕೈ ಜೋಡಿಸಿರುವುದಿಲ್ಲ. ಎಲ್ಲರ ಕೈಯೂ ಫೋನು ಹಿಡಿದು ಮೇಲೆತ್ತಿರುತ್ತದೆ. ಚಿತ್ರ ಬೇಕು, ತಪ್ಪೇನಿಲ್ಲ. ಅದಕ್ಕೆಂದು ಒಬ್ಬರನ್ನು ನೇಮಿಸಿ. ಉಳಿದವರು ಆ ಮಗುವಿಗಾಗಿ ಪ್ರಾರ್ಥಿಸಲಿ.

ಆದರೆ ನಟನಿಗೂ ನಮ್ಮ ಸ್ವಾಮಿಗೂ ಒಂದು ವ್ಯತ್ಯಾಸವಿದೆ. ಅಭಿಮಾನಿ ನಟನ ಬದುಕನ್ನೆಲ್ಲ ಬಲ್ಲ; ನಟನಿಗೆ ಅಭಿಮಾನಿಯ ಹೆಸರೂ ಗೊತ್ತಿರುವುದಿಲ್ಲ. ಅದು ನಟನ ತಪ್ಪಲ್ಲ, ಮನುಷ್ಯನ ಮಿತಿ. ಯೇಸುಸ್ವಾಮಿಯಾದರೋ, ಕೋಳಿ ಕೂಗಿದ ಆ ಗಳಿಗೆಯಲ್ಲಿ, ಬಂಧಿಯಾಗಿ ನಿಂತಿದ್ದಾಗಲೂ, ತಿರುಗಿ ಪೇತ್ರನನ್ನು ನೋಡಿದರು. ಆ ಒಂದು ನೋಟಕ್ಕೆ ಪೇತ್ರನು ಹೊರಗೆ ಹೋಗಿ ಬಿಕ್ಕಿಬಿಕ್ಕಿ ಅತ್ತನು. ದುಂದುಗಾರ ಮಗನ ಸಾಮತಿಯಲ್ಲೂ ಹಾಗೆಯೇ: ಮಗ ಇನ್ನೂ ದೂರದಲ್ಲಿರುವಾಗಲೇ ಕಂಡವನು ತಂದೆ, ಓಡಿದವನೂ ತಂದೆ. ನಾವು ದೇವರನ್ನು ದೂರದಿಂದ ನೋಡುತ್ತಿದ್ದೇವೆ ಎಂದುಕೊಳ್ಳುತ್ತೇವೆ. ಅಷ್ಟರಲ್ಲಿ ಅವರೇ ನಮ್ಮನ್ನು ನೋಡಿಯಾಗಿರುತ್ತದೆ.

ಹೀಗೆ ಪ್ರೀತಿಗೆ ಪಾತ್ರರಾದವರು ಆ ಪ್ರೀತಿಯನ್ನು ಎತ್ತ ತಿರುಗಿಸಬೇಕು? ಇದಕ್ಕೂ ಆ ನಾಟಕದ ದಿನಗಳಲ್ಲೇ ಒಂದು ದೃಷ್ಟಾಂತ ಸಿಗುತ್ತದೆ. 2015ರ ಸೆಪ್ಟೆಂಬರ್ ಆರಂಭದಲ್ಲಿ, ಯುದ್ಧದಿಂದ ಓಡಿಹೋಗುತ್ತಿದ್ದ ಸಿರಿಯಾದ ಕುಟುಂಬವೊಂದರ ಪುಟ್ಟ ಬಾಲಕನ ಶವ ಟರ್ಕಿಯ ಕಡಲತೀರದಲ್ಲಿ ಸಿಕ್ಕಿತು. ಆ ಚಿತ್ರ ಲೋಕವನ್ನೇ ಅಳಿಸಿತು. ಅಂದಿನಿಂದ ಕಂಬರ್‌ಬ್ಯಾಚ್ ನಾಟಕ ಮುಗಿದ ಮೇಲೆ, ಚಪ್ಪಾಳೆಯ ನಡುವೆ ನಿಂತು, ನಿರಾಶ್ರಿತರಿಗಾಗಿ ಸಭಿಕರನ್ನು ಬೇಡತೊಡಗಿದರು. ಬಾಗಿಲಲ್ಲಿ ಡಬ್ಬಿ ಹಿಡಿದು ನಿಂತವರ ಕೈಗೆ ಸೇರಿದ ಹಣ ಒಂದೂವರೆ ಲಕ್ಷ ಪೌಂಡ್ ದಾಟಿ, 'ಸೇವ್ ದ ಚಿಲ್ಡ್ರನ್' ಸಂಸ್ಥೆಗೆ ಹೋಯಿತು. ತನ್ನತ್ತ ತಿರುಗಿದ್ದ ಕಣ್ಣುಗಳನ್ನು ಅವರು ಆ ಮಕ್ಕಳತ್ತ ತಿರುಗಿಸಿದರು. ಅದೇ ದಿನಗಳಲ್ಲಿ, ಸೆಪ್ಟೆಂಬರ್ 6ರಂದು, ಜಗದ್ಗುರು ಫ್ರಾನ್ಸಿಸ್‌ರವರು ಯೂರೋಪಿನ ಪ್ರತಿಯೊಂದು ಧರ್ಮಕೇಂದ್ರವೂ ಒಂದು ನಿರಾಶ್ರಿತ ಕುಟುಂಬಕ್ಕೆ ಆಶ್ರಯ ಕೊಡಬೇಕೆಂದು ಕೇಳಿಕೊಂಡರು.

ಬಲಿಪೂಜೆಯ ಕೊನೆಯಲ್ಲಿ ಗುರುಗಳು ನಮ್ಮನ್ನು ಕಳುಹಿಸುವುದೂ ಇದಕ್ಕಾಗಿಯೇ. ದೇವಾಲಯದ ಬಾಗಿಲು ದಾಟಿದಾಗ ನಮ್ಮ ಕಣ್ಣು ಯಾರ ಮೇಲೆ ಬೀಳಬೇಕು? ಬರಲಾಗದವರ ಮೇಲೆ. ಪಕ್ಕಾಘಾತದಿಂದ ಮಲಗಿರುವ ಅಜ್ಜ, ಮಂಡಿನೋವಿನಿಂದ ಮೆಟ್ಟಿಲು ಇಳಿಯಲಾಗದ ಅಮ್ಮ, ಅವರನ್ನು ನೋಡಿಕೊಳ್ಳುತ್ತಾ ಮನೆಯಲ್ಲೇ ಉಳಿದ ಸೊಸೆ. ರೋಗಿಗಳಿಗೂ, ಹಸುಗೂಸುಗಳ ಆರೈಕೆ ಮಾಡುವವರಿಗೂ ಭಾನುವಾರದ ಕಟ್ಟಳೆಯಿಂದ ವಿನಾಯಿತಿ ಇದೆ ಎಂದು ಧರ್ಮಸಭೆಯ ಧರ್ಮೋಪದೇಶ ಗ್ರಂಥ (2181) ತಿಳಿಸುತ್ತದೆ. ಅವರಿಗೆ ವಿನಾಯಿತಿಯಿದೆ, ಅವರ ಬಳಿಗೆ ಹೋಗುವ ನಮ್ಮ ಕರ್ತವ್ಯಕ್ಕೆ ವಿನಾಯಿತಿ ಇಲ್ಲ.

ಈ ವಾರ ನಮ್ಮ ಕುಟುಂಬಗಳಲ್ಲಿ ಮೂರು ಕೆಲಸಗಳನ್ನು ಮಾಡೋಣ.

ಒಂದು: ನಿಮ್ಮ ಮನೆಯಲ್ಲಿ ಅಥವಾ ನೆರೆಯಲ್ಲಿ ದೇವಾಲಯಕ್ಕೆ ಬರಲಾಗದವರಿದ್ದರೆ, ಅವರ ಹೆಸರನ್ನು ಧರ್ಮಕೇಂದ್ರದ ಗುರುಗಳಿಗೆ ತಿಳಿಸಿ. ಪರಮಪ್ರಸಾದ ಅವರ ಹಾಸಿಗೆಯ ಬಳಿಗೇ ಬರಲಿ. ಅವರು ಪರದೆಯಲ್ಲಿ ಬಲಿಪೂಜೆ ನೋಡುವುದಾದರೆ ಒಬ್ಬರಾದರೂ ಪಕ್ಕದಲ್ಲಿ ಕುಳಿತು ಉತ್ತರ ಹೇಳಿ.

ಎರಡು: ನಡೆಯಲು ಶಕ್ತಿಯಿದ್ದೂ ಮನೆಯಲ್ಲೇ ಉಳಿದಿರುವವರು ಬರುವ ಭಾನುವಾರ ಎದ್ದು ಬನ್ನಿ. ಯಾರೂ ಲೆಕ್ಕ ಕೇಳುವುದಿಲ್ಲ. ಪೇತ್ರನಿಗೂ ಸ್ವಾಮಿ ಕೇಳಿದ್ದು ಪ್ರೀತಿ ಇದೆಯೇ ಎಂದು ಮಾತ್ರ.

ಮೂರು: ಮಗನೋ ಮಗಳೋ ಯಾವುದೋ ನಟನನ್ನು ಮೆಚ್ಚಿಕೊಂಡಿದ್ದರೆ ಗದರಬೇಡಿ. ಜಪಮಾಲೆ ಮುಗಿದ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡು, ಆತನಲ್ಲಿ ನಿನಗೆ ಮೆಚ್ಚುಗೆಯಾದದ್ದು ಏನು ಎಂದು ಕೇಳಿ. ಮೆಚ್ಚಿಕೊಳ್ಳಬಲ್ಲ, ಕಾಯಬಲ್ಲ ಹೃದಯ ಆ ಮಗುವಿಗಿದೆ ಎಂದು ಸಂತೋಷಪಡಿ. ಆಮೇಲೆ ಅದೇ ಹೃದಯಕ್ಕೆ, ತಾನು ದೂರದಲ್ಲಿರುವಾಗಲೇ ತನ್ನನ್ನು ಕಂಡು ಹೆಸರಿಡಿದು ಕರೆಯುವ ಸ್ನೇಹಿತರೊಬ್ಬರ ಪರಿಚಯ ಮಾಡಿಕೊಡಿ.

ಪ್ರಾರ್ಥಿಸೋಣ: ಪ್ರಭು ಯೇಸುವೇ, ಕಲ್ವಾರಿಯಲ್ಲಿ ದೂರ ನಿಂತಿದ್ದ ಮಹಿಳೆಯರ ಕಣ್ಣೀರನ್ನು ನೀವು ಕಂಡಿರಿ. ಕಾಯಿಲೆಯಿಂದ, ಮುಪ್ಪಿನಿಂದ, ಪರದೇಶದ ದುಡಿಮೆಯಿಂದ ನಿಮ್ಮ ಪೀಠದಿಂದ ದೂರ ಉಳಿದವರ ಬಳಿಗೆ ನೀವೇ ಹೋಗಿರಿ. ಭಯದಿಂದಲೂ ಆಲಸ್ಯದಿಂದಲೂ ದೂರ ಕುಳಿತ ನಮ್ಮತ್ತ, ಪೇತ್ರನತ್ತ ತಿರುಗಿದಂತೆ, ಒಮ್ಮೆ ತಿರುಗಿ ನೋಡಿರಿ. ದಾರಿ ತೆರೆದಿರುವಾಗ ಎದ್ದು ಬರುವ ಮನಸ್ಸನ್ನು ನಮಗೆ ದಯಪಾಲಿಸಿರಿ. ಆಮೆನ್.