ನಂಬದವನ ಆಚಮನ

ಎಂ.ಎ. ರಾಜ್ಯಶಾಸ್ತ್ರಕ್ಕೆ ಸೇರುವ ಹುಡುಗ ಹುಡುಗಿಯರಿಗೆ ಕೌಟಿಲ್ಯ ಹೊಸಬನಲ್ಲ. ಪದವಿಯಲ್ಲೇ ಸಪ್ತಾಂಗ ಬಾಯಿಪಾಠ ಆಗಿರುತ್ತದೆ: ಸ್ವಾಮಿ, ಅಮಾತ್ಯ, ಜನಪದ, ದುರ್ಗ, ಕೋಶ, ದಂಡ, ಮಿತ್ರ. ಐದು ಅಂಕಕ್ಕೆ ಅಷ್ಟು ಸಾಕು. ಕೆ.ಎ.ಎಸ್. ಮೇಲೆ ಕಣ್ಣಿಟ್ಟವರಿಗಂತೂ ಪಟ್ಟಿ ಪಟ್ಟಿಯಾಗಿಯೇ ಇದ್ದರೆ ಅನುಕೂಲ. ನಾನು ಮಾತ್ರ ಪ್ರತಿವರ್ಷ ಕೋಶದ ಹತ್ತಿರ ನಿಂತುಬಿಡುತ್ತೇನೆ. ಅರ್ಥಶಾಸ್ತ್ರದ ಐದನೆಯ ಅಧಿಕರಣದ ಎರಡನೆಯ ಅಧ್ಯಾಯವನ್ನು ತರಗತಿಯಲ್ಲಿ ಇಡಿಯಾಗಿ ಓದಿಸುತ್ತೇನೆ.

ಬೊಕ್ಕಸ ಬರಿದಾದ ರಾಜ ಏನು ಮಾಡಬೇಕು ಎಂಬುದು ಅಲ್ಲಿನ ವಿಷಯ. ರೈತರನ್ನೂ ವರ್ತಕರನ್ನೂ ಹೆಚ್ಚುವರಿ ಕೇಳಬಹುದು, ಆದರೆ ಒಂದೇ ಸಲ, ಎರಡನೇ ಸಲ ಕೂಡದು. ಆಮೇಲೆ ದೇವರ ಸರದಿ. ದೇವತಾಧ್ಯಕ್ಷ ಎಂಬ ಅಧಿಕಾರಿ ಗುಡಿಗಳ ಹಣವನ್ನು ಒಂದೆಡೆ ಕೂಡಿಸಿ ರಾಜನಿಗೆ ತಂದೊಪ್ಪಿಸಬೇಕು. ರಾತ್ರೋರಾತ್ರಿ ಒಂದು ದೇವರನ್ನು ಎಬ್ಬಿಸಿ ಜಾತ್ರೆ ಕೂಡಿಸಬೇಕು. ಗುಡಿಯ ತೋಟದ ಮರ ಅಕಾಲದಲ್ಲಿ ಹೂವು ಹಣ್ಣು ಬಿಟ್ಟಿದೆ, ದೇವರು ಬಂದಿದ್ದಾನೆ ಎಂದು ಸಾರಬೇಕು. ಸುರಂಗವಿರುವ ಬಾವಿಯಲ್ಲಿ ಹಲವು ತಲೆಯ ಹಾವನ್ನು ತೋರಿಸಿ ಕಾಣಿಕೆ ಎತ್ತಬೇಕು. ತರಗತಿ ಇಲ್ಲಿ ನಗುತ್ತದೆ. ಸ್ವಲ್ಪ ಮುಂದೆ ಹೋದರೆ ನಗು ನಿಲ್ಲುತ್ತದೆ. ನಂಬದವರು ಯಾರಾದರೂ ಇದ್ದರೆ ಅವರ ಆಚಮನದ ನೀರಿಗೋ ಪ್ರೋಕ್ಷಣೆಯ ನೀರಿಗೋ ವಿಷ ಬೆರೆಸಿ, ದೇವರ ಶಾಪ ತಗುಲಿತು ಎನ್ನಬೇಕಂತೆ.

ಈ ಪುಸ್ತಕ ಲೋಕಕ್ಕೆ ಮತ್ತೆ ಸಿಕ್ಕಿದ್ದು ನಮ್ಮ ಮೈಸೂರಿನಲ್ಲೇ. ತಂಜಾವೂರು ಕಡೆಯ ಪಂಡಿತರೊಬ್ಬರು ಕೊಟ್ಟ ಓಲೆಗರಿಯ ಕಟ್ಟನ್ನು ಓರಿಯಂಟಲ್ ಲೈಬ್ರರಿಯ ಆರ್. ಶಾಮಾಶಾಸ್ತ್ರಿಗಳು ಓದಿ 1909ರಲ್ಲಿ ಅಚ್ಚು ಹಾಕಿಸಿದರು. ಇಂಗ್ಲಿಷ್ ಅನುವಾದ 1915ರಲ್ಲಿ ಬಂತು. 1919ರ ಜನವರಿಯಲ್ಲಿ ಮ್ಯೂನಿಕ್ಕಿನ ವಿದ್ಯಾರ್ಥಿಗಳ ಮುಂದೆ ಮಾತಾಡಿದ ಮ್ಯಾಕ್ಸ್ ವೆಬರ್, ಇದರ ಎದುರು ಮೆಕಿಯವೆಲ್ಲಿಯ ‘ಪ್ರಿನ್ಸ್’ ನಿರುಪದ್ರವಿ ಎಂಬರ್ಥದ ಮಾತು ಆಡಿದ. ಹಿಂದಿನವರೆಲ್ಲ ಮೋಕ್ಷದ ಚಿಂತೆಯಲ್ಲೇ ಇದ್ದರು ಎಂದು ಎದೆಯುಬ್ಬಿಸುವವರಿಗೆ ಓಲೆಗರಿಯ ಆ ಒಂದು ಕಟ್ಟು ಈಗಲೂ ಕಿರಿಕಿರಿ.

ತರಗತಿಯಲ್ಲಿ ಸಾಮಾನ್ಯವಾಗಿ ಎರಡು ಮಾತು ಏಳುತ್ತವೆ. ‘ನೋಡಿ ಮೇಡಂ, ದೇವರು ಹುಟ್ಟೋದು ಹೀಗೇ’ ಅನ್ನುವುದು ಒಂದು. ‘ಖೋಟಾ ನೋಟು ಇದೆ ಅಂದ್ರೆ ಅಸಲಿ ನೋಟೂ ಇರಲೇಬೇಕಲ್ವಾ’ ಅನ್ನುವುದು ಇನ್ನೊಂದು. ಎರಡನ್ನೂ ನಾನು ಒಪ್ಪುವುದಿಲ್ಲ. ಸುಳ್ಳು ದೇವರು ಸಿಕ್ಕಿಬಿದ್ದರೆ ನಿಜವಾದ ದೇವರು ಇದ್ದಾನೆಂದೂ ಆಗುವುದಿಲ್ಲ, ಇಲ್ಲವೆಂದೂ ಆಗುವುದಿಲ್ಲ. ಕೌಟಿಲ್ಯನಿಗೆ ಆ ಪ್ರಶ್ನೆಯೇ ಬೇಕಿಲ್ಲ. ಆತ ನೋಡುತ್ತಿರುವುದು ಕಾಣಿಕೆಯನ್ನು.

ನಾನು ಅರ್ಚಕರ ಮಗಳು. ಅಪ್ಪ ಪೂಜೆ ಮಾಡುತ್ತಿದ್ದದ್ದು ಮುಜರಾಯಿಗೆ ಸೇರಿದ ದೇವಸ್ಥಾನದಲ್ಲಿ. ಇನಾಮು ಜಮೀನು ಹೋಗಿ, ಸರ್ಕಾರದ ತಸ್ತೀಕಿನ ಮೇಲೆ ದೀಪ ಉರಿಯುತ್ತಿತ್ತು. ಹುಂಡಿ ಎಣಿಕೆಯ ದಿನ ತಾಲ್ಲೂಕು ಕಚೇರಿಯವರು ಬಂದು, ಜಮಖಾನದ ಮೇಲೆ ಸುರಿದು, ನೋಟು ಬೇರೆ ಚಿಲ್ಲರೆ ಬೇರೆ ಮಾಡುತ್ತಿದ್ದರು. ಶುದ್ಧಹಸ್ತದ ಜನ, ಒಂದು ರೂಪಾಯಿ ಆಚೀಚೆ ಆಗುತ್ತಿರಲಿಲ್ಲ. ಹಣದ ಜೊತೆ ಚೀಟಿಗಳೂ ಬೀಳುತ್ತಿದ್ದವು: ಮಗನಿಗೆ ಕೆಲಸ ಸಿಗಲಿ, ಹೊಲದ ಕೇಸು ನಮ್ಮ ಕಡೆ ಆಗಲಿ, ಅವನು ಕುಡಿಯುವುದು ಬಿಡಲಿ. ಎಣಿಕೆಯ ಪುಸ್ತಕದಲ್ಲಿ ಚೀಟಿಗೆ ಕಾಲಂ ಇರಲಿಲ್ಲ. ಅಪ್ಪ ಅವನ್ನೆಲ್ಲ ಆಯ್ದು ಒಳಗೆ ಒಯ್ದು ಪೀಠದ ಪಕ್ಕ ಇಡುತ್ತಿದ್ದರು, ಓದುತ್ತಿರಲಿಲ್ಲ. (ನಾನು ಓದುತ್ತಿದ್ದೆ. ರಾಜ್ಯಶಾಸ್ತ್ರದ ಕುತೂಹಲ ಅಲ್ಲಿಂದಲೇ ಶುರುವಾಯಿತೋ ಏನೋ.) ಅಧಿಕಾರಿಗಳ ತಪ್ಪೇನೂ ಇಲ್ಲ, ರಾಜ್ಯ ಎಂಬುದಕ್ಕೆ ಎಣಿಸಿದ್ದು ಕಾಣುತ್ತದೆ, ಉಳಿದದ್ದು ಕಾಣುವುದಿಲ್ಲ.

ಹಾಗಿದ್ದ ಮೇಲೆ ಆ ವಿಷ ಯಾರಿಗೆ? ಇದೇ ನನ್ನನ್ನು ಹಿಡಿದು ನಿಲ್ಲಿಸುವ ಪ್ರಶ್ನೆ. ಇಂಥ ಉಪಾಯಗಳನ್ನು ರಾಜದ್ರೋಹಿಗಳ ಮೇಲೆ, ಅಧರ್ಮಿಗಳ ಮೇಲೆ ಮಾತ್ರ ಪ್ರಯೋಗಿಸಬೇಕು, ಉಳಿದವರ ಮೇಲಲ್ಲ ಎಂದು ಕೌಟಿಲ್ಯ ಎಲ್ಲೆ ಹಾಕಿದ್ದಾನೆ. ಅವನ ಪರವಾಗಿ ಅದನ್ನು ಹೇಳಲೇಬೇಕು. ಆದರೆ ಅಧರ್ಮಿ ಯಾರೆಂದು ನಿರ್ಧರಿಸುವವನೂ ಬೊಕ್ಕಸ ಬರಿದಾದ ಅದೇ ರಾಜ. ಬಾವಿಯ ಬಳಿ ನಿಂತು ‘ಇದು ಹಾವಲ್ಲ’ ಎಂದವನು ನಾಸ್ತಿಕನೇ ಆಗಿರಬೇಕೆಂದಿಲ್ಲ. ದೇವರಿಗೆ ಹಾವಿನ ಆಟ ಆಡುವ ಅಗತ್ಯವಿಲ್ಲ ಎಂದು ಗಟ್ಟಿಯಾಗಿ ನಂಬಿದವನೂ ಅದನ್ನೇ ಹೇಳಿಯಾನು. ಖಜಾನೆಗೆ ಇಬ್ಬರೂ ಒಂದೇ, ಕಾಸು ಹಾಕದವರು.

ಕನ್ನಡದವರಿಗೆ ಇದು ಬೇಗ ಹೊಳೆಯಬೇಕು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಸವಣ್ಣನವರು ಬಿಜ್ಜಳನ ಭಂಡಾರಿ. ಕೋಶ ಅವರ ಕೈಯಲ್ಲೇ ಇತ್ತು. ರಾಜನ ಹಣವನ್ನು ಜಂಗಮರಿಗೆ ಸುರಿಯುತ್ತಿದ್ದಾರೆ ಎಂದು ದೂರು ಹೋಯಿತು, ಭಂಡಾರ ಎಣಿಸಿ ನೋಡಿದರೆ ಲೆಕ್ಕ ಸರಿಯಾಗಿತ್ತು ಎಂದು ಪುರಾಣದ ಕಥೆ. ಪವಾಡ ಬೇಕಾದವರು ಅದರಲ್ಲಿ ಪವಾಡ ನೋಡಲಿ, ನನಗೆ ಲೆಕ್ಕ ತಪ್ಪದ ಭಂಡಾರಿಯಷ್ಟೇ ಸಾಕು. ಗುಡಿಯ ದಾರಿ ಬಿಟ್ಟು ಅಂಗೈಯಲ್ಲಿ ಇಷ್ಟಲಿಂಗ ಹಿಡಿದವನಿಂದ ದೇವತಾಧ್ಯಕ್ಷ ಏನನ್ನು ವಸೂಲು ಮಾಡಿಯಾನು? ಅಕಾಲದ ಹೂವು ತೋರಿಸಿದರೂ ಅವನು ಗಂಟು ಬಿಚ್ಚುವುದಿಲ್ಲ. ಭಕ್ತಿ ಅಷ್ಟು ಆಳಕ್ಕಿಳಿದಾಗ, ಅರಮನೆಯ ಕಡೆಯಿಂದ ನೋಡುವವರಿಗೆ ಅದು ಅಶ್ರದ್ಧೆಯಂತೆಯೇ ಕಾಣುತ್ತದೆ. ಈ ತರ್ಕ ಅರ್ಚಕ ವೃತ್ತಿಯ ಬುಡಕ್ಕೂ ಬರುತ್ತದೆ ಎಂದು ಗೊತ್ತು. ಅಪ್ಪನ ಹತ್ತಿರ ಹೇಳಿದ್ದಕ್ಕೆ, ‘ಚೀಟಿ ಬರೆಯೋರಿಗೆ ಗುಡಿ ಬೇಕಲ್ಲಮ್ಮ’ ಅಂದರು. ಅದಕ್ಕೆ ಉತ್ತರ ನನ್ನಲ್ಲಿಲ್ಲ, ವೆಬರನಲ್ಲೂ ಸಿಕ್ಕಿಲ್ಲ.

ಈ ಸಲದ ಸೆಮಿನಾರಿಗೆ ಕೊಟ್ಟ ಪ್ರಶ್ನೆ: ಆಚಮನದ ನೀರಿಗೆ ವಿಷ ಬೆರೆಸಿದ ಗೂಢಚಾರನಿಗೆ ದೇವರಲ್ಲಿ ನಂಬಿಕೆ ಇರಬಹುದೆ? ಹೆಚ್ಚಿನವರು ಸಾಧ್ಯವೇ ಇಲ್ಲ ಎಂದು ಬರೆದರು. ಹಿರಿಯೂರು ಕಡೆಯ ಹುಡುಗಿಯೊಬ್ಬಳು ಮಾತ್ರ ಖಂಡಿತ ಇರಬಹುದು ಎಂದು ವಾದಿಸಿದಳು. ಶಾಪ ಸುಳ್ಳೆಂದು ಊರಿಗೆಲ್ಲ ಮೊದಲು ಗೊತ್ತಾದದ್ದು ಅವನಿಗೆ. ಆದ್ದರಿಂದ ನಿಜವಾದ ಶಾಪಕ್ಕೆ ಹೆದರಬೇಕಾದವನೂ ಅವನೊಬ್ಬನೇ ಎಂಬುದು ಅವಳ ವಾದ. ಹಿಂದಿನ ಬೆಂಚಿನ ಕೆ.ಎ.ಎಸ್. ಹುಡುಗ ಎದ್ದು, ‘ಅವನು ಆರ್ಡರ್ ಪಾಲಿಸಿದ್ದಾನೆ ಮೇಡಂ, ಶಾಪ ಆರ್ಡರ್ ಕೊಟ್ಟೋರಿಗೆ ತಾನೆ’ ಅಂದ. ಗಂಟೆ ಹೊಡೆದ ಮೇಲೂ ಇಬ್ಬರೂ ಕಾರಿಡಾರಿನಲ್ಲಿ ಜಗಳ ಮುಂದುವರಿಸಿದ್ದರು.