ಹಣೆಬರಹ ಅಂದರೆ ಸಾಕೆ?

ನಮ್ಮ ಕಡೆ ಸಾವಿನ ಮನೆಗೆ ಬಂದವರು ಸಮಾಧಾನಕ್ಕೆ ಆಡುವ ಮಾತು ಒಂದೇ: ಅವನ ಹಣೆಬರಹ.

ಯುದ್ಧದ ಸಾವಿಗೂ ಇದನ್ನೇ ಹೇಳಬಹುದೆ?

ಹಾವೇರಿ ಜಿಲ್ಲೆ ಚಳಗೇರಿಯ ನವೀನ್ ಗ್ಯಾನಗೌಡರ್ ಉಕ್ರೇನಿನ ಖಾರ್ಕಿವ್‌ನಲ್ಲಿ ವೈದ್ಯಕೀಯ ಓದುತ್ತಿದ್ದ, ವಯಸ್ಸು 21. 2022ರ ಮಾರ್ಚ್ 1ರಂದು ದಿನಸಿ ತರಲು ಹೊರಬಿದ್ದವನು ರಷ್ಯಾದ ದಾಳಿಗೆ ಬಲಿಯಾದ. ಪಾರ್ಥಿವ ಶರೀರ ಊರು ಮುಟ್ಟಿದ್ದು ಮಾರ್ಚ್ 21ಕ್ಕೆ. ವೀರಶೈವ ಪದ್ಧತಿಯಂತೆ ಪೂಜೆಯೇನೋ ಆಯಿತು, ಆದರೆ ಮಣ್ಣು ಮಾಡಲಿಲ್ಲ. ಲಿಂಗವಂತರಲ್ಲಿ ದೇಹ ಭೂಮಿಗೆ ಸೇರಲೇಬೇಕೆಂಬ ರೂಢಿ ಎಷ್ಟು ಗಟ್ಟಿ ಎಂದು ಬಲ್ಲವರಿಗೆ ಇದರ ಭಾರ ತಿಳಿಯುತ್ತದೆ. ಹೆತ್ತವರು ಮಗನ ದೇಹವನ್ನು ದಾವಣಗೆರೆಯ ಎಸ್.ಎಸ್. ವೈದ್ಯಕೀಯ ಕಾಲೇಜಿಗೆ ಒಪ್ಪಿಸಿದರು. ಅವನು ಮುಗಿಸಲಾಗದ ಓದು ಬೇರೆ ಮಕ್ಕಳಿಗೆ ದಕ್ಕಲಿ ಎಂದು.

ದಾಸೋಹಕ್ಕೆ ಇದಕ್ಕಿಂತ ಕಠಿಣ ರೂಪ ಕಾಣುವುದು ಕಷ್ಟ. ಆದರೂ ಈ ದಾನ 'ಯಾಕೆ ಸತ್ತ' ಎಂಬುದಕ್ಕೆ ಉತ್ತರವಲ್ಲ. ಹಣೆಬರಹ, ಪೂರ್ವಜನ್ಮದ ಕರ್ಮ ಎಂದು ಬಾಯಿ ಮುಚ್ಚಿಸಿದರೆ ಫಿರಂಗಿ ಹಾರಿಸಿದವನು, ಹಾರಿಸೆಂದವನು ಇಬ್ಬರೂ ನಿರಪರಾಧಿಗಳಾಗುತ್ತಾರೆ.

ಯುದ್ಧದಾಚೆಯ ಕೊಲೆಗೂ ಇದೇ ಮಾತು. 2025ರ ಏಪ್ರಿಲ್ 22ರಂದು ಕಾಶ್ಮೀರದ ಪಹಲ್ಗಾಮ್‌ನಲ್ಲಿ ಉಗ್ರರು 26 ಜನರನ್ನು ಕೊಂದರು. ಹೆಂಡತಿ, ಮಗನೊಂದಿಗೆ ಪ್ರವಾಸಕ್ಕೆ ಹೋಗಿದ್ದ ಶಿವಮೊಗ್ಗದ ಮಂಜುನಾಥ ರಾವ್ ಸತ್ತವರಲ್ಲೊಬ್ಬರು. ಆ ಹುಡುಗನೆದುರು ನಿಂತು ಕರ್ಮದ ಲೆಕ್ಕ ಒಪ್ಪಿಸುವ ಧರ್ಮ ಯಾವುದೇ ಇರಲಿ, ಅದು ಕೊಂದವರ ಪರ ವಕಾಲತ್ತು ವಹಿಸಿದಂತೆಯೇ.